ಸ್ಟೇಲಿ, ಡಾನ್

ಡಾನ್ ಸ್ಟೇಲಿ (ಜನನ: 4 ಮೇ 1970) ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಮತ್ತು ಕೋಚ್. ಕಾಲೇಜು ದಿನಗಳಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಮಿಂಚಿದ ಇವರು ಮುಂದೆ ಆಟಗಾರ್ತಿಯಾಗಿ ಮೂರು ಒಲಿಂಪಿಕ್ ಚಿನ್ನ ಗೆದ್ದರು. ಕೋಚ್ ಆಗಿ ಸೌತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ 2017, 2022 ಮತ್ತು 2024ರಲ್ಲಿ ಎನ್‌ಸಿಎಎ ಪ್ರಶಸ್ತಿ ತಂದುಕೊಟ್ಟರು. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ವರ್ಷದ ಆಟಗಾರ್ತಿ ಮತ್ತು ವರ್ಷದ ಕೋಚ್ ಎಂಬ ಎರಡೂ ನೈಸ್ಮಿತ್ ಪ್ರಶಸ್ತಿಗಳನ್ನು ಪಡೆದವರಲ್ಲಿ ಇವರೇ ಮೊದಲಿಗರು.

ಬಾಲ್ಯ

ಸ್ಟೇಲಿ ಹುಟ್ಟಿ ಬೆಳೆದದ್ದು ಫಿಲಡೆಲ್ಫಿಯಾ ನಗರದ ಉತ್ತರ ಭಾಗದಲ್ಲಿ, ಬಡ ಕುಟುಂಬಗಳಿಗಾಗಿ ಸರ್ಕಾರ ಕಟ್ಟಿಸಿದ್ದ ರೇಮಂಡ್ ರೋಸನ್ ವಸತಿ ಸಮುಚ್ಚಯದಲ್ಲಿ. ಐವರು ಮಕ್ಕಳಲ್ಲಿ ಇವರೇ ಕಿರಿಯರು. ಓಣಿಯ ಅಂಕಣದಲ್ಲಿ ಹುಡುಗರ ಜೊತೆ ಆಡಿಯೇ ಆಟ ಕಲಿತರು. ಎತ್ತರ ಐದೂವರೆ ಅಡಿಯಷ್ಟೇ. ಬ್ಯಾಸ್ಕೆಟ್‌ಬಾಲ್‌ಗೆ ಇದು ಕಡಿಮೆ. ಆ ಕೊರತೆಯನ್ನು ವೇಗ, ಚೆಂಡಿನ ಮೇಲಿನ ಹಿಡಿತ ಮತ್ತು ಸಹ ಆಟಗಾರ್ತಿ ಎಲ್ಲಿಗೆ ಓಡುತ್ತಾಳೆಂದು ಮೊದಲೇ ಊಹಿಸುವ ಚುರುಕುತನ ತುಂಬಿಕೊಟ್ಟವು. ದಾಳಿಯನ್ನು ರೂಪಿಸುವ ಪಾಯಿಂಟ್ ಗಾರ್ಡ್ ಸ್ಥಾನಕ್ಕೆ ಬೇಕಾದ ಗುಣಗಳೂ ಇವೇ.

ಕಾಲೇಜು ಆಟ

1972ರ ಟೈಟಲ್ 9 ಕಾಯ್ದೆಯು ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿತು. ಇದರಿಂದ ಕಾಲೇಜುಗಳಲ್ಲಿ ಮಹಿಳಾ ತಂಡಗಳೂ ಕ್ರೀಡಾ ವಿದ್ಯಾರ್ಥಿವೇತನಗಳೂ ಹೆಚ್ಚಿದವು. ಎನ್‌ಸಿಎಎ ಮಹಿಳಾ ಬ್ಯಾಸ್ಕೆಟ್‌ಬಾಲ್ ಟೂರ್ನಿ 1982ರಲ್ಲಿ ಶುರುವಾಯಿತು. ಸ್ಟೇಲಿ 1988ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯ ಸೇರುವ ಹೊತ್ತಿಗೆ ಈ ಬದಲಾವಣೆ ಬೇರೂರಿತ್ತು. ಕೋಚ್ ಡೆಬ್ಬಿ ರಯಾನ್ ಅವರ ಕೈಕೆಳಗೆ ನಾಲ್ಕು ವರ್ಷ ಆಡಿ 2,135 ಅಂಕ ಗಳಿಸಿದರು. 1990ರಿಂದ 1992ರವರೆಗೆ ಸತತ ಮೂರು ವರ್ಷ ತಂಡ ಸೆಮಿಫೈನಲ್ ತಲುಪಿತು. 1991 ಮತ್ತು 1992ರಲ್ಲಿ ಸ್ಟೇಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರ್ತಿ ಎನಿಸಿಕೊಂಡರು.

1991ರ ಫೈನಲ್‌ನಲ್ಲಿ ವರ್ಜೀನಿಯಾ ಹೆಚ್ಚುವರಿ ಅವಧಿಯಲ್ಲಿ ಟೆನೆಸಿ ಎದುರು 67–70ರಿಂದ ಸೋತಿತು. ಸೋತ ತಂಡದಲ್ಲಿದ್ದರೂ ಟೂರ್ನಿಯ ಶ್ರೇಷ್ಠ ಆಟಗಾರ್ತಿ ಗೌರವ ಸ್ಟೇಲಿ ಅವರಿಗೇ ಸಂದಿತು. ಆದರೆ ಕಾಲೇಜು ಪ್ರಶಸ್ತಿ ಆಟಗಾರ್ತಿಯಾಗಿ ಅವರ ಕೈಗೆ ಸಿಗಲೇ ಇಲ್ಲ.

ವೃತ್ತಿಪರ ಆಟ

ಸ್ಟೇಲಿ ಪದವಿ ಮುಗಿಸಿದಾಗ ಅಮೆರಿಕದಲ್ಲಿ ನೆಲೆಯಾದ ಮಹಿಳಾ ವೃತ್ತಿಪರ ಲೀಗ್ ಇರಲಿಲ್ಲ. ಹಾಗಾಗಿ ಫ್ರಾನ್ಸ್, ಇಟಲಿ, ಸ್ಪೇನ್, ಬ್ರೆಜಿಲ್‌ಗಳ ಕ್ಲಬ್‌ಗಳಿಗೆ ಆಡಿದರು. 1996ರಲ್ಲಿ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಲೀಗ್ ಸೇರಿದರು. ಬಳಿಕ 1999ರಲ್ಲಿ ಡಬ್ಲ್ಯುಎನ್‌ಬಿಎ ಲೀಗ್‌ನ ಷಾರ್ಲೆಟ್ ಸ್ಟಿಂಗ್ ತಂಡಕ್ಕೆ ಬಂದರು. ಹ್ಯೂಸ್ಟನ್ ಕಾಮೆಟ್ಸ್ ಪರ ಆಡಿ 2006ರಲ್ಲಿ ನಿವೃತ್ತರಾದರು. 1996, 2000 ಮತ್ತು 2004ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡಗಳಲ್ಲಿದ್ದರು. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಉದ್ಘಾಟನಾ ಸಮಾರಂಭದಲ್ಲಿ ಅಮೆರಿಕದ ಧ್ವಜ ಹಿಡಿದು ನಡೆದವರೂ ಇವರೇ.

ಕೋಚ್ ಆಗಿ

ಕೋಚ್ ಆಗುವ ಆಸೆ ಸ್ಟೇಲಿ ಅವರಿಗೆ ಇರಲಿಲ್ಲ. ಅವರನ್ನು ಒಪ್ಪಿಸಿದ್ದು ಹುಟ್ಟೂರಿನ ಟೆಂಪಲ್ ವಿಶ್ವವಿದ್ಯಾಲಯ. 2000ರಲ್ಲಿ ಅಲ್ಲಿ ಅಧಿಕಾರ ವಹಿಸಿಕೊಂಡಾಗ ಅವರಿನ್ನೂ ಆಡುತ್ತಿದ್ದರು. ಕಾಲೇಜು ಪಂದ್ಯಗಳು ಚಳಿಗಾಲದಲ್ಲಿ, ಡಬ್ಲ್ಯುಎನ್‌ಬಿಎ ಬೇಸಿಗೆಯಲ್ಲಿ ನಡೆಯುವುದರಿಂದ ಎರಡನ್ನೂ ಆರು ವರ್ಷ ನಿಭಾಯಿಸಿದರು. ಎಂಟು ಋತುಗಳಲ್ಲಿ ಟೆಂಪಲ್ 172 ಪಂದ್ಯ ಗೆದ್ದು 80ರಲ್ಲಿ ಸೋತಿತು, ಆರು ಬಾರಿ ಎನ್‌ಸಿಎಎ ಟೂರ್ನಿಗೆ ಅರ್ಹತೆ ಪಡೆಯಿತು.

2008ರಲ್ಲಿ ಸೌತ್ ಕ್ಯಾರೊಲೈನಾಕ್ಕೆ ಬಂದರು. ಮೊದಲ ಋತುವಿನಲ್ಲಿ ಗೆಲುವು 10, ಸೋಲು 18. ತಂಡ ಕಟ್ಟುವ ಕೆಲಸ ನಿಧಾನವಾಗಿ ಸಾಗಿತು. ಮೊದಲ ಬಾರಿ ಸೆಮಿಫೈನಲ್ ತಲುಪಿದ್ದು 2015ರಲ್ಲಿ. ಎರಡು ವರ್ಷಗಳ ನಂತರ ಮಿಸಿಸಿಪ್ಪಿ ಸ್ಟೇಟ್ ತಂಡವನ್ನು 67–55ರಿಂದ ಮಣಿಸಿ ಮೊದಲ ಪ್ರಶಸ್ತಿ ಗೆದ್ದರು. 2022ರ ಫೈನಲ್‌ನಲ್ಲಿ ಕನೆಕ್ಟಿಕಟ್ ಸೋತಿತು. 2023ರಲ್ಲಿ ಒಂದೂ ಪಂದ್ಯ ಸೋಲದೆ ಸೆಮಿಫೈನಲ್‌ವರೆಗೆ ಬಂದು ಅಯೋವಾ ಎದುರು ಎಡವಿದರು. ಮರುವರ್ಷ ಆರಂಭಿಕ ಐವರೂ ತಂಡ ಬಿಟ್ಟು ಹೋಗಿದ್ದರು. ಹೊಸ ಐವರನ್ನು ಹುರಿಗೊಳಿಸಿ ಆಡಿದ 38 ಪಂದ್ಯಗಳನ್ನೂ ಗೆದ್ದರು. ಫೈನಲ್‌ನಲ್ಲಿ ಅದೇ ಅಯೋವಾವನ್ನು 87–75ರಿಂದ ಸೋಲಿಸಿದರು. ಆ ಪಂದ್ಯವನ್ನು ಟಿವಿಯಲ್ಲಿ 1.8 ಕೋಟಿಗೂ ಹೆಚ್ಚು ಜನ ನೋಡಿದರು. ಅದೇ ವರ್ಷದ ಪುರುಷರ ಫೈನಲ್‌ಗೂ ಅಷ್ಟು ವೀಕ್ಷಕರು ಸಿಕ್ಕಿರಲಿಲ್ಲ. ಆಟಗಾರ್ತಿಯರಾದ ಅಜಾ ವಿಲ್ಸನ್, ಅಲಿಯಾ ಬಾಸ್ಟನ್ ಸ್ಟೇಲಿ ಅವರ ಗರಡಿಯಲ್ಲಿ ಪಳಗಿದವರು. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇವರು ಮುಖ್ಯ ಕೋಚ್ ಆಗಿದ್ದ ಅಮೆರಿಕ ತಂಡ ಜಪಾನ್ ಅನ್ನು ಸೋಲಿಸಿ ಚಿನ್ನ ಗೆದ್ದಿತು.

ಬಲೆಯ ತುಂಡು

ಪ್ರಶಸ್ತಿ ಗೆದ್ದ ತಂಡ ಏಣಿ ಹತ್ತಿ, ಬುಟ್ಟಿಯ ಬಲೆಯನ್ನು ಕತ್ತರಿಯಿಂದ ತುಂಡುತುಂಡಾಗಿ ಕತ್ತರಿಸಿಕೊಳ್ಳುವುದು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ರೂಢಿ. 1999ರಲ್ಲಿ ಪರ್ಡ್ಯೂ ತಂಡವನ್ನು ಗೆಲ್ಲಿಸಿದ ಕ್ಯಾರೊಲಿನ್ ಪೆಕ್ ಈ ಪ್ರಶಸ್ತಿ ಗೆದ್ದ ಮೊದಲ ಕಪ್ಪುವರ್ಣೀಯ ಮಹಿಳಾ ಕೋಚ್. ಅವರು ತಮ್ಮ ಬಲೆಯ ಒಂದು ತುಂಡನ್ನು, ನೀನೂ ಗೆಲ್ಲಬೇಕು ಎಂಬ ಹಾರೈಕೆಯೊಂದಿಗೆ ಸ್ಟೇಲಿ ಅವರಿಗೆ ಕೊಟ್ಟಿದ್ದರು. ಆ ಸಾಲಿನಲ್ಲಿ ಎರಡನೆಯವರಾದ ಸ್ಟೇಲಿ, 2017ರ ಬಲೆಯನ್ನು ಚೂರುಚೂರು ಮಾಡಿ ಕಾಲೇಜು ತಂಡಗಳ ಕಪ್ಪುವರ್ಣೀಯ ಮಹಿಳಾ ಮುಖ್ಯ ಕೋಚ್‌ಗಳಿಗೆ ಕಳಿಸಿದರು.

ಈ ಹಂಚಿಕೆಗೆ ಬಲವಾದ ಹಿನ್ನೆಲೆಯಿದೆ. 1972ರಲ್ಲಿ ಅಮೆರಿಕದ ಮಹಿಳಾ ಕಾಲೇಜು ತಂಡಗಳ ಕೋಚ್‌ಗಳಲ್ಲಿ ಶೇ 90ಕ್ಕಿಂತ ಹೆಚ್ಚು ಮಂದಿ ಮಹಿಳೆಯರೇ ಇದ್ದರು. ಟೈಟಲ್ 9 ಕಾಯ್ದೆಯ ನಂತರ ಹುದ್ದೆಗಳಿಗೆ ಸಂಬಳವೂ ಮರ್ಯಾದೆಯೂ ಬಂದವು, ಪುರುಷರೂ ಅರ್ಜಿ ಹಾಕತೊಡಗಿದರು. ಮಹಿಳೆಯರ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಆಡುವ ಹುಡುಗಿಯರು ಹೆಚ್ಚಿದರು, ಆಡಿಸುವ ಹೆಂಗಸರ ಪಾಲು ತಗ್ಗಿತು.

ಭಾರತದ ಸಂದರ್ಭ

ಮಹಿಳಾ ತಂಡಗಳಿಗೆ ಮಹಿಳಾ ಕೋಚ್‌ಗಳು ಏಕೆ ಕಡಿಮೆ ಎಂಬ ಪ್ರಶ್ನೆ ಭಾರತದಲ್ಲೂ ಜೀವಂತವಾಗಿದೆ. 2017ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್ 'ಬಿ' ವಿಭಾಗ ಗೆದ್ದಾಗ ಕೋಚ್ ಆಗಿದ್ದವರು ಸರ್ಬಿಯಾದ ಜೋರಾನ್ ವಿಸಿಚ್. ಭಾರತದ ಮಹಿಳಾ ಕ್ರಿಕೆಟ್ ತಂಡ 2025ರಲ್ಲಿ ವಿಶ್ವಕಪ್ ಗೆದ್ದಾಗ ಕೋಚ್ ಅಮೋಲ್ ಮಜುಂದಾರ್. ಈ ಇಬ್ಬರು ಪುರುಷ ಕೋಚ್‌ಗಳ ಸಾಧನೆಯೂ ದೊಡ್ಡದು. ಆದರೆ ದೇಶಕ್ಕೆ ದಶಕಗಟ್ಟಲೆ ಆಡಿದ ಹೆಣ್ಣುಮಕ್ಕಳ ಅನುಭವ ನಿವೃತ್ತಿಯೊಂದಿಗೆ ಕರಗಿಹೋಗಬಾರದು. ಟೆಂಪಲ್ ವಿಶ್ವವಿದ್ಯಾಲಯ ಇನ್ನೂ ಆಡುತ್ತಿದ್ದ ಆಟಗಾರ್ತಿಗೆ ಪೂರ್ಣ ಜವಾಬ್ದಾರಿಯ ಹುದ್ದೆ ಕೊಟ್ಟಿತು. ಸೌತ್ ಕ್ಯಾರೊಲೈನಾ ಮೊದಲ ವರ್ಷದ 18 ಸೋಲುಗಳನ್ನು ನೋಡಿಯೂ ಒಂಬತ್ತು ವರ್ಷ ಕಾಯಿತು. ಸ್ಟೇಲಿ ಅವರ ಪ್ರತಿಭೆಯಷ್ಟೇ ಈ ಎರಡು ನಿರ್ಧಾರಗಳೂ ಅವರನ್ನು ರೂಪಿಸಿದವು. ನಮ್ಮ ಕಾಲೇಜುಗಳೂ ಕ್ರೀಡಾ ಸಂಸ್ಥೆಗಳೂ ಮನಸ್ಸು ಮಾಡಿದರೆ ಇಂಥ ನಿರ್ಧಾರಗಳು ಇಲ್ಲಿಯೂ ಸಾಧ್ಯ.