ಆಫ್ರಿಕದಿಂದ ಎರಡು ಸಲ ಬಂದ ರಾಗಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕೆಮ್ಮಣ್ಣಿನ ಹೊಲಗಳಿಗೆ ರಾಗಿಯಷ್ಟು ಒಗ್ಗಿದ ಬೆಳೆ ಇನ್ನೊಂದಿಲ್ಲ. ಅದು ಪರದೇಶದಿಂದ ಬಂದದ್ದೆಂದರೆ ಮುದ್ದೆ ಉಂಡು ಬೆಳೆದವರು ಸುಲಭವಾಗಿ ಒಪ್ಪುವುದಿಲ್ಲ. ವಿದ್ವಾಂಸರೂ ಬಹುಕಾಲ ಒಪ್ಪಿರಲಿಲ್ಲ. ರಾಗಿಯ ತವರು ಭಾರತವೇ ಎಂದು ವಾದಿಸಿದ ಸಸ್ಯಶಾಸ್ತ್ರಜ್ಞರಿದ್ದರು.

ಆ ವಾದ ಈಗ ಉಳಿದಿಲ್ಲ. ರಾಗಿಯ ಕಾಡು ಮೂಲ ಇರುವುದು ಪೂರ್ವ ಆಫ್ರಿಕದಲ್ಲಿ. ಇಥಿಯೋಪಿಯ, ಉಗಾಂಡದ ಎತ್ತರದ ನಾಡುಗಳಲ್ಲಿ ಸಾವಿರಾರು ವರ್ಷಗಳ ಹಿಂದೆ ಜನ ಅದನ್ನು ಪಳಗಿಸಿದರು. ಈ ವಂಶಾವಳಿಯನ್ನು ಬಿಡಿಸುವಲ್ಲಿ ಧಾರವಾಡದ ಪಾಲೂ ಇದೆ. ಅಲ್ಲಿನ ಕರ್ನಾಟಕ ವಿಶ್ವವಿದ್ಯಾಲಯದ ಎಸ್.ಸಿ. ಹಿರೇಮಠ ಮತ್ತು ಎಸ್.ಎಸ್. ಸಾಲಿಮಠ 1992ರಲ್ಲಿ, ರಾಗಿಯ ಕ್ರೋಮೊಸೋಮುಗಳಲ್ಲಿ ಅರ್ಧದಷ್ಟು ಎಲುಸಿನ್ ಇಂಡಿಕ ಎಂಬ ಹುಲ್ಲಿನಿಂದ ಬಂದವೆಂದು ತೋರಿಸಿದರು. ರಾಗಿ ಹೊಲದಲ್ಲಿ ರೈತ ಕಳೆಯೆಂದು ಕಿತ್ತೆಸೆಯುವುದು ಈ ಹುಲ್ಲನ್ನೇ!

ರಾಗಿ ಕನ್ನಡ ನಾಡಿಗೆ ಯಾವಾಗ ಬಂತೆಂಬುದು ತೊಡಕಿನ ಪ್ರಶ್ನೆ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಅದು ಸಿಕ್ಕಿದ ಸುದ್ದಿ ಪ್ರಸಿದ್ಧ. ಆದರೆ ದೇಶದ ಬೇರೆ ಬೇರೆ ನೆಲೆಗಳಿಂದ ಬಂದ ಇಂಥ ಹಳೆಯ ವರದಿಗಳಲ್ಲಿ ಹಲವು ಮರುಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಸುಟ್ಟು ಕರಿಕಾದ ಬೇರೆ ಕಿರುಧಾನ್ಯವನ್ನು ರಾಗಿಯೆಂದು ತಿಳಿದದ್ದುಂಟು. ಸುಮಾರು 3,000 ವರ್ಷಗಳ ಹಳಮೆ ಹೇಳಿದರೆ ಸಾಕು, ಅದಕ್ಕಿಂತ ಹಿಂದಕ್ಕೆ ಎಳೆಯುವುದು ಆತುರ.

ಬಂದ ಮೇಲೆ ಅದು ಬಡವರ ಧಾನ್ಯವಾಯಿತು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ನರೆದಲೆಗನೆಂಬ ರಾಗಿಗೂ ಭತ್ತಕ್ಕೂ ಜಗಳ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗೆಲ್ಲುತ್ತದೆ. ಇದು ಕವಿಯ ಕಲ್ಪನೆ ಮಾತ್ರವಲ್ಲ, ರೈತನ ಅನುಭವ. ಸಣ್ಣ, ಗಟ್ಟಿ ಕಾಳಿಗೆ ಹುಳು ಬೀಳುವುದು ಕಡಿಮೆ. ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದು. ಮಳೆ ಕೈಕೊಟ್ಟ ವರ್ಷ ಊರನ್ನು ಉಳಿಸುತ್ತಿದ್ದುದು ಹಿಂದಿನ ವರ್ಷಗಳ ರಾಗಿ.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ಲೆಸ್ಲಿ ಕೋಲ್ಮನ್ ಕಾಲದಲ್ಲಿ ಹೆಬ್ಬಾಳದಲ್ಲಿ ರಾಗಿ ತಳಿಗಳ ಆಯ್ಕೆ ಆರಂಭವಾಯಿತು. ಆದರೆ ದೊಡ್ಡ ತಿರುವು ತಂದವರು ಮಂಡ್ಯದ ವಿ.ಸಿ. ಫಾರಂನ ‘ರಾಗಿ ಲಕ್ಷ್ಮಣಯ್ಯ’. ರಾಗಿಯ ಹೂವು ತೀರ ಸಣ್ಣದು, ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದು. ಅದನ್ನು ಸಂಕರ ಮಾಡುವುದು ತಾಳ್ಮೆಯ ಪರೀಕ್ಷೆ. 1960ರ ದಶಕದಲ್ಲಿ ಅವರು ನಾಡ ತಳಿಗಳನ್ನು ದಪ್ಪ ತೆನೆಯ ಆಫ್ರಿಕನ್ ತಳಿಗಳೊಡನೆ ಕೂಡಿಸಿದರು. ಇಂಡಿಯಾ, ಆಫ್ರಿಕ ಎರಡೂ ಸೇರಿ ‘ಇಂಡಾಫ್’ ಎಂಬ ಹೆಸರಾಯಿತು. ಹೀಗೆ ರಾಗಿ ತನ್ನ ತವರಿನಿಂದ ಎರಡನೆಯ ಸಲ ಬಂತು. ಈ ಸಲ ಬಂದ ತಾರೀಖು ಗೊತ್ತು, ಕರೆತಂದವರೂ ಗೊತ್ತು.

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ಬಡವರ ಹಿಟ್ಟು ನಗರದ ಅಂಗಡಿಗಳಲ್ಲಿ ಅಂದದ ಪೊಟ್ಟಣ ಸೇರಿತು. 2025-26ಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಬೆಲೆಗೆ ಮರ್ಯಾದೆ ಬಂತು. ನೆಲಕ್ಕೆ ಅದಕ್ಕಿಂತ ಹೆಚ್ಚಿನ ಬೆಲೆ ಬಂದದ್ದೇ ಬೆಂಗಳೂರು ಗ್ರಾಮಾಂತರದ ಕಷ್ಟ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಣ ಹೊಲಗಳು ಒಂದೊಂದಾಗಿ ಬಡಾವಣೆಗಳಾದವು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನು ಕೈಗಾರಿಕೆಗೆಂದು ಗುರುತಿಸಿದಾಗ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಜಮೀನನ್ನು ತಾವಾಗಿ ಕೊಡಲು ಬಂದವರಿಂದ ಮಾತ್ರ ಹೆಚ್ಚಿನ ಪರಿಹಾರಕ್ಕೆ ಪಡೆಯುವುದಾಗಿ ತಿಳಿಸಿತು.