ಅಂಗದ ನಷ್ಟ, ದುಡಿಮೆಯ ನಷ್ಟ: ನೌಕರರ ಪರಿಹಾರ ಪ್ರಕರಣಗಳಲ್ಲಿ ಶಾಶ್ವತ ಊನದ ಅಳತೆ

2025ರವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಅಧಿನಿಯಮ ಪರಿಹಾರ ಕೊಡಿಸುತ್ತಿದ್ದುದು ಗಳಿಕೆ ಸಾಮರ್ಥ್ಯದ ನಷ್ಟಕ್ಕೆ. ಅದರ ಮೊದಲನೇ ಅನುಸೂಚಿ ಹೆಬ್ಬೆರಳಿಗೆ ಶೇ. 30, ತೋರುಬೆರಳಿಗೆ ಶೇ. 14, ಒಂದು ಕೈಯ ನಾಲ್ಕು ಬೆರಳುಗಳಿಗೆ ಶೇ. 50 ಎಂದು ನಿಗದಿಪಡಿಸಿತ್ತು. ತಿಂಗಳಿಗೆ 15,000 ರೂ. ವೇತನದ, 30 ವರ್ಷದ ಕಾರ್ಮಿಕನ ಹೆಬ್ಬೆರಳು ಹೋದರೆ, ವೇತನದ ಶೇ. 60 ಭಾಗವನ್ನು ಆ ವಯಸ್ಸಿನ ಗುಣಕ 207.98ರಿಂದ ಗುಣಿಸಿ, ಬಂದದ್ದರಲ್ಲಿ ಶೇ. 30 ತೆಗೆಯಬೇಕಿತ್ತು: 5,61,546 ರೂ. ಆತ ಕಾವಲುಗಾರನೋ ಲೇತ್ ಚಾಲಕನೋ ಎಂಬುದು ಈ ಲೆಕ್ಕದೊಳಗೆ ಬರುತ್ತಲೇ ಇರಲಿಲ್ಲ.

ಆದರೆ ಅನುಸೂಚಿಯೇ ಅಧಿನಿಯಮವಾಗಿರಲಿಲ್ಲ. ‘ಸಂಪೂರ್ಣ ಅಸಾಮರ್ಥ್ಯ’ದ ವ್ಯಾಖ್ಯೆ ನೋಡುತ್ತಿದ್ದುದು, ಅಪಘಾತದ ಹೊತ್ತಿಗೆ ನೌಕರ ಯಾವ ಕೆಲಸ ಮಾಡಬಲ್ಲವನಾಗಿದ್ದ ಎಂಬುದನ್ನು. ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರಲ್ಲೇ, ಒಂಟಿ ಕೈಯಲ್ಲಿ ಮರಗೆಲಸ ಸಾಧ್ಯವಿಲ್ಲವೆಂದು ನಷ್ಟವನ್ನು ಶೇ. 100 ಎಂದಿತು. 2008ರಲ್ಲಿ ತೀರ್ಮಾನವಾದ ಟ್ಯಾಂಕರ್ ಚಾಲಕನ ಪ್ರಕರಣ ಇನ್ನೂ ಬೋಧಪ್ರದ. ಬಲಗಾಲು ಮೊಣಕಾಲಿನವರೆಗೆ ಹೋಗಿತ್ತು. ವೈದ್ಯರು ಶೇ. 65 ಎಂದರು, ಪರಿಹಾರ ಆಯುಕ್ತರು ಶೇ. 100 ಎಂದರು, ಹೈಕೋರ್ಟ್ ಮತ್ತೆ ಶೇ. 65ಕ್ಕೆ ಇಳಿಸಿತು. ಸುಪ್ರೀಂ ಕೋರ್ಟ್ ಬಡಗಿಯ ತೀರ್ಪನ್ನೇ ಆಧರಿಸಿ ಆಯುಕ್ತರ ಅಂಕಿಯನ್ನು ಎತ್ತಿಹಿಡಿಯಿತು. ಬ್ರೇಕ್ ಒತ್ತುವ ಕಾಲೇ ಇಲ್ಲದವನ ಚಾಲನಾ ಸಾಮರ್ಥ್ಯದಲ್ಲಿ ಶೇ. 35 ಉಳಿದಿದೆ ಎಂಬ ವಾದ ನನಗೆ ಇಂದಿಗೂ ಅರ್ಥವಾಗದು.

ಅನುಸೂಚಿಯಲ್ಲಿಲ್ಲದ ಗಾಯಗಳಲ್ಲಿ, ಅಂದರೆ ಬೆನ್ನುಹುರಿಯ ಪೆಟ್ಟು, ಸರಿಯಾಗಿ ಕೂಡದ ಮೂಳೆ, ಮರಗಟ್ಟಿದ ಕೀಲುಗಳಲ್ಲಿ, ತೊಡಕು ಹೆಚ್ಚು. ಇಲ್ಲಿ ಅರ್ಹ ವೈದ್ಯರೇ ಗಳಿಕೆಯ ನಷ್ಟವನ್ನು ಅಂದಾಜಿಸಬೇಕು. ಅನುಸೂಚಿಯ ಪ್ರಮಾಣಗಳನ್ನು ಗಮನದಲ್ಲಿಡಬೇಕು. ವೈದ್ಯರು ಅಳೆಯುವುದಾದರೂ ಏನನ್ನು? ಕೀಲು ಎಷ್ಟು ಡಿಗ್ರಿ ಬಾಗುತ್ತದೆ, ಸ್ನಾಯುವಿನ ಬಲ ಎಷ್ಟು ಎಂಬುದನ್ನು. ಅದು ಅಂಗದ ಊನ. ಮೋಟಾರು ಅಪಘಾತ ಪ್ರಕರಣಗಳಲ್ಲಿ ಅಂಗದ ಪ್ರಮಾಣದ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನವೆಂದು ಹಿಡಿಯುವ ರೂಢಿ ನಮ್ಮಲ್ಲಿದೆ. ಅದೇ ಮಾದರಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ದೈಹಿಕ ಊನವೇ ಗಳಿಕೆಯ ನಷ್ಟವಲ್ಲ, ವೃತ್ತಿಯನ್ನು ನೋಡಿಯೇ ಅದನ್ನು ನಿರ್ಧರಿಸಬೇಕು ಎಂದು ಸ್ಪಷ್ಟಪಡಿಸಿದೆ. ಹೀಗಿರುವಾಗ ಮೂರನೇ ಒಂದರ ಭಾಗಾಕಾರವನ್ನು ನೌಕರರ ಪರಿಹಾರಕ್ಕೆ ತರುವುದು ಅನ್ಯಾಯವೇ ಸರಿ. ಮೊಣಕೈ ಪೂರ್ತಿ ಚಾಚದ ಗಾರೆ ಕೆಲಸದವನಿಗೆ ಉಳಿದ ದೇಹ ನೆಟ್ಟಗಿದೆ ಎಂಬ ಕಾರಣಕ್ಕೆ ಯಾರೂ ಕೂಲಿ ಕೊಡುವುದಿಲ್ಲ.

ಆದ್ದರಿಂದ ವೈದ್ಯರು ಕೊಡುವ ಊನದ ಪ್ರಮಾಣಪತ್ರದ ನಮೂನೆಯೇ ಬದಲಾಗಬೇಕು. ನೌಕರ ಮಾಡುತ್ತಿದ್ದ ಕೆಲಸದ ಒಂದೊಂದು ಕ್ರಿಯೆಯನ್ನೂ, ಅಂದರೆ ಭಾರ ಎತ್ತುವುದು, ಏಣಿ ಹತ್ತುವುದು, ಕ್ಲಚ್ ಒತ್ತುವುದು ಮುಂತಾದುವನ್ನು, ಅದರಲ್ಲಿ ಬರೆದು, ಯಾವುದು ಇನ್ನು ಸಾಧ್ಯ, ಯಾವುದು ಅಸಾಧ್ಯ ಎಂದು ವೈದ್ಯರು ನಮೂದಿಸಲಿ. ಶೇಕಡಾ ಅಂಕಿ ಆ ಪಟ್ಟಿಯ ಕೆಳಗೆ ಬರಲಿ. ಪಾಟೀಸವಾಲು ನಡೆಯುವುದೂ ಆಗ ಕೆಲಸದ ಮೇಲೆಯೇ.