ಪ್ರೊಪೆಲ್ಲರ್ ವಿಮಾನಯುಗದ ಹಳಹಳಿಕೆ

ಪಿಸ್ಟನ್ ಎಂಜಿನ್ನಿನ ದೊಡ್ಡ ಪ್ರಯಾಣಿಕ ವಿಮಾನಗಳ ಕಾಲವನ್ನು 'ಸುವರ್ಣಯುಗ'ವೆಂದು ನೆನೆದು ಹಂಬಲಿಸುವ, ಅಳಿದುಳಿದ ವಿಮಾನಗಳನ್ನು ದುರಸ್ತಿ ಮಾಡಿ ಹಾರಿಸುವ ಇಲ್ಲವೇ ಪ್ರದರ್ಶಿಸುವ ಪ್ರವೃತ್ತಿ. ಆ ಯುಗ ಯಾವಾಗ ಶುರುವಾಯಿತೆಂಬುದರಲ್ಲಿ ಒಮ್ಮತವಿಲ್ಲ. ಕೆಲವರು 1935ರಲ್ಲಿ ಮೊದಲು ಹಾರಿದ ಡಗ್ಲಸ್ ಡಿಸಿ-3ರಿಂದ ಎಣಿಸಿದರೆ, ಉಳಿದವರು ಎರಡನೆಯ ಮಹಾಯುದ್ಧದ ನಂತರದ ಹನ್ನೆರಡು-ಹದಿಮೂರು ವರ್ಷಗಳನ್ನಷ್ಟೇ ಒಪ್ಪುತ್ತಾರೆ. ಕೊನೆಯ ಗಡಿಗೆ ತಕರಾರು ಕಡಿಮೆ. 1958ರ ಅಕ್ಟೋಬರಿನಲ್ಲಿ ಬಿಒಎಸಿಯ ಕಾಮೆಟ್ 4, ಅದೇ ತಿಂಗಳ ಕೊನೆಗೆ ಪ್ಯಾನ್ ಅಮೆರಿಕನ್ನಿನ ಬೋಯಿಂಗ್ 707 ಎಂಬ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟಲಾರಂಭಿಸಿದವು.

ಹಳಹಳಿಕೆಯ ಚಿತ್ರ ಬಹುಮಟ್ಟಿಗೆ ಕಂಪನಿಗಳ ಪ್ರಚಾರದ ಛಾಯಾಚಿತ್ರಗಳಿಂದ ಮೂಡಿದ್ದು. ಬೋಯಿಂಗ್ ಸ್ಟ್ರಾಟೊಕ್ರೂಸರಿನಲ್ಲಿ ಸುರುಳಿ ಮೆಟ್ಟಿಲಿಳಿದರೆ ಕೆಳ ಅಂತಸ್ತಿನಲ್ಲಿ ಪಾನಗೋಷ್ಠಿಯ ಕೋಣೆ ಇತ್ತು, ಮಲಗಲು ಹಾಸಿಗೆಗಳೂ ಇದ್ದವು. ಆದರೆ ಅಟ್ಲಾಂಟಿಕ್ ಮಾರ್ಗದಲ್ಲಿ ಅಗ್ಗದ ಟೂರಿಸ್ಟ್ ದರ್ಜೆ ಬಂದದ್ದು 1952ರ ಮೇ ತಿಂಗಳಲ್ಲಿ, ಎಕಾನಮಿ ದರ್ಜೆ 1958ರ ಏಪ್ರಿಲಿನಲ್ಲಿ. ಎರಡೂ ಜೆಟ್ಟಿಗಿಂತ ಮೊದಲೇ. ಜೆಟ್ ತಂದದ್ದೆಂದು ದೂರುವ ಇಕ್ಕಟ್ಟು ಪ್ರೊಪೆಲ್ಲರ್ ಕಾಲದಲ್ಲೇ ಶುರುವಾಗಿತ್ತು ಎಂಬುದನ್ನು ಜನಪ್ರಿಯ ಬರಹಗಳು ಹೇಳುವುದು ಅಪರೂಪ. ಮೋಡಗಳ ಮೇಲೇರಲಾಗದೆ ವಿಮಾನ ಕುಲುಕುತ್ತಿತ್ತು, ವಾಂತಿಯ ಕಾಗದದ ಚೀಲ ಅಲಂಕಾರಕ್ಕಿಟ್ಟದ್ದಾಗಿರಲಿಲ್ಲ. ಎಂಜಿನ್ ಪದೇ ಪದೇ ಕೈಕೊಡುತ್ತಿದ್ದುದರಿಂದ ನಾಲ್ಕು ಎಂಜಿನ್ನಿನ ಈ ವಿಮಾನಗಳನ್ನು 'ಮೂರು ಎಂಜಿನ್ನಿನ ಅತ್ಯುತ್ತಮ ವಿಮಾನ'ಗಳೆಂದು ಹಾಸ್ಯ ಮಾಡುವುದಿತ್ತು. 1956ರ ಜೂನ್ 30ರಂದು ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಸೂಪರ್ ಕಾನ್‌ಸ್ಟೆಲೇಶನ್ ಮತ್ತು ಡಿಸಿ-7 ಡಿಕ್ಕಿಯಾಗಿ 128 ಜನ ಸತ್ತರು.

ಭಾರತದಲ್ಲಿ ಈ ನೆನಪಿನ ಕೇಂದ್ರ 'ಮಲಬಾರ್ ಪ್ರಿನ್ಸೆಸ್'. ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಈ ಕಾನ್‌ಸ್ಟೆಲೇಶನ್ 1948ರ ಜೂನ್ 8ರಂದು ಮುಂಬಯಿಯಿಂದ ಕೈರೊ, ಜಿನೀವಾ ಮೂಲಕ ಲಂಡನ್ನಿಗೆ ಹೊರಟು ಸಂಸ್ಥೆಯ ಅಂತರರಾಷ್ಟ್ರೀಯ ಸೇವೆಯನ್ನು ಆರಂಭಿಸಿತು. 1950ರ ನವೆಂಬರ್ 3ರಂದು ಅದು ಮೌಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿ 48 ಜನ ಸತ್ತರು. ದಾಖಲೆಗಳ ಗೊಂದಲ ಹುಟ್ಟುವುದು ಇಲ್ಲಿಂದ. 1966ರ ಜನವರಿಯಲ್ಲಿ ಅದೇ ಸಂಸ್ಥೆಯ ಬೋಯಿಂಗ್ 707 'ಕಾಂಚನಜುಂಗಾ' ಅದೇ ಪರ್ವತದ ಮೇಲೆ ಬಿತ್ತು. ಆ ಪರ್ವತದ ಬೊಸ್ಸೊನ್ ಹಿಮನದಿ ಈಗಲೂ ಎರಡರ ಅವಶೇಷಗಳನ್ನು ಹೊರಹಾಕುತ್ತಿರುವುದರಿಂದ ಸಿಕ್ಕಿದ್ದೆಲ್ಲ 'ಮಲಬಾರ್ ಪ್ರಿನ್ಸೆಸ್'ನದೆಂಬ ಸುದ್ದಿ ಆಗಾಗ ಹಬ್ಬುತ್ತದೆ. 2020ರಲ್ಲಿ ಸಿಕ್ಕ ಪತ್ರಿಕೆಗಳಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾದ ಸುದ್ದಿಯಿತ್ತು. ಅಂದರೆ ಅವು ಜೆಟ್ ವಿಮಾನದವು.

ಡಿಸಿ-3ರ ಸೇನಾ ರೂಪವಾದ ಡಕೋಟಾದ ಕಥೆ ಬೇರೆ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದಲ್ಲಿ ಮಿಕ್ಕಿದ ಡಕೋಟಾಗಳನ್ನು ನಾಗರಿಕ ಸೇವೆಗೆ ಮಾರ್ಪಡಿಸಿ ಕೊಟ್ಟಿತು. ದೇಶದೊಳಗಿನ ಪ್ರಯಾಣ ವರ್ಷಗಟ್ಟಲೆ ಅವುಗಳ ಮೇಲೆಯೇ ನಡೆಯಿತು. ಆದರೆ 2018ರಲ್ಲಿ ದುರಸ್ತಿಗೊಂಡು ವಾಯುಪಡೆ ಸೇರಿದ 'ಪರಶುರಾಮ' ಎಂಬ ಡಕೋಟಾ ನೆನಪಿಸುವುದು ಟಿಕೆಟ್ ಕೊಂಡು ಕೂತವರನ್ನಲ್ಲ, 1947ರಲ್ಲಿ ಶ್ರೀನಗರಕ್ಕೆ ಸೈನ್ಯ ಸಾಗಿಸಿದ್ದನ್ನು.

ಅಮೆರಿಕದಲ್ಲಿ 1978ರಲ್ಲಿ ದರ ಮತ್ತು ಮಾರ್ಗಗಳ ಮೇಲಿನ ಸರ್ಕಾರಿ ನಿಯಂತ್ರಣ ತೆಗೆದ ಮೇಲೆ ಟಿಕೆಟ್ ಅಗ್ಗವಾಯಿತು, ಹಳಹಳಿಕೆ ಬಲಿಯಿತು. ಅದರ ಅತಿ ಹೆಚ್ಚು ದಾಖಲಾದ ಉದಾಹರಣೆ ನ್ಯೂಯಾರ್ಕಿನ ಕೆನಡಿ ನಿಲ್ದಾಣದ ಟಿಡಬ್ಲ್ಯುಎ ಹೋಟೆಲು. 2019ರ ಮೇ ತಿಂಗಳಲ್ಲಿ ತೆರೆದ ಈ ಹೋಟೆಲಿನ ಅಂಗಳದಲ್ಲಿ ಲಾಕ್‌ಹೀಡ್ ಎಲ್-1649ಎ ಸ್ಟಾರ್‌ಲೈನರ್ ಮದ್ಯಪಾನದ ಬಾರ್ ಆಗಿ ನಿಂತಿದೆ. ಈ ಮಾದರಿ ತಯಾರಾದದ್ದು 44 ಮಾತ್ರ; 1957ರಲ್ಲಿ ಲಂಡನ್ನಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಲ್ಲೂ ಇಳಿಯದೆ 23 ಗಂಟೆಗೂ ಹೆಚ್ಚು ಹಾರಿದ್ದೂ ಇದೇ ಮಾದರಿ. ಅಂಗಳದ ವಿಮಾನ ಸುಖಪ್ರಯಾಣ ಒದಗಿಸಿದ್ದು ಬಹಳ ಕಡಿಮೆ ಕಾಲ. ಆಮೇಲೆ ಅಲಾಸ್ಕಾದಲ್ಲಿ ಸರಕು ಹೊತ್ತಿತು, ಗಾಂಜಾ ಸಾಗಣೆಗೂ ಬಳಕೆಯಾಯಿತು. ಮೂರು ಸ್ಟಾರ್‌ಲೈನರ್‌ಗಳನ್ನು 2007ರಲ್ಲಿ ಕೊಂಡು ಒಂದನ್ನು ಹಾರಿಸಹೊರಟಿದ್ದ ಲುಫ್ತಾನ್ಸಾ 2018ರಲ್ಲಿ ಆ ಯೋಜನೆ ಕೈಬಿಟ್ಟಾಗ ಇದು ಹೋಟೆಲಿನವರ ಪಾಲಾಯಿತು. ಪಕ್ಕದ ಟರ್ಮಿನಲ್ ಕಟ್ಟಡ ಏರೊ ಸಾರಿನೆನ್ ವಿನ್ಯಾಸದ್ದು. ಅದು ಬಾಗಿಲು ತೆರೆದದ್ದು 1962ರಲ್ಲಿ, ಜೆಟ್ ಯುಗ ಬಂದಾದ ಮೇಲೆ. ಹೀಗೆ ಒಂದೇ ಅಂಗಳದಲ್ಲಿ ಎರಡು ಯುಗ ಬೆರೆತಿವೆ, ಬಹುತೇಕ ಅತಿಥಿಗಳಿಗೆ ಅದು ತೊಡಕೆನಿಸುವುದೂ ಇಲ್ಲ.

ಹಳೆಯ ವಿಮಾನಗಳನ್ನು ಹಾರಿಸುವವರ ದಾರಿ ಇದಕ್ಕಿಂತ ಕಷ್ಟದ್ದು. 2018ರ ಆಗಸ್ಟ್ 4ರಂದು ಸ್ವಿಟ್ಜರ್ಲೆಂಡಿನಲ್ಲಿ ಜು-ಏರ್ ಸಂಸ್ಥೆಯ ಯುಂಕರ್ಸ್ ಜು-52 ಆಲ್ಪ್ಸ್ ಪರ್ವತಗಳ ನಡುವೆ ಬಿದ್ದು ಅದರಲ್ಲಿದ್ದ 20 ಜನರೂ ಸತ್ತರು. ಪೈಲಟ್‌ಗಳು ಅಪಾಯಕಾರಿಯಾಗಿ ಹಾರಿಸಿದರೆಂದು ತನಿಖೆ ತೀರ್ಮಾನಿಸಿತು. ಆ ದೇಶ 2019ರಲ್ಲಿ ಜು-52ರ ವಾಣಿಜ್ಯ ಪ್ರಯಾಣಿಕ ಹಾರಾಟವನ್ನು ನಿಷೇಧಿಸಿತು.

ಪ್ರೊಪೆಲ್ಲರ್ ಮಾತ್ರ ಮಾಯವಾಗಿಲ್ಲ. ಚಿಕ್ಕ ಊರುಗಳಿಗೆ ಹಾರುವ ಎಟಿಆರ್-72 ಇಂದಿಗೂ ಪ್ರೊಪೆಲ್ಲರ್ ತಿರುಗಿಸಿಕೊಂಡೇ ಹೋಗುತ್ತದೆ. ಅದಕ್ಕೆ ಪಿಸ್ಟನ್ ಬದಲು ಟರ್ಬೈನ್ ಎಂಜಿನ್ ಇದೆ. ಅದನ್ನು ನೆನೆದು ಹಂಬಲಿಸುವವರು ಇನ್ನೂ ಹುಟ್ಟಿಕೊಂಡಿಲ್ಲ.